ದೋಣಿಯ ವಾಟರ್‌ಮೇಕರ್‌ಗೆ ಆಟೋಮ್ಯಾಟಿಕ್ ಕಂಟ್ರೋಲ್ ಹಾಕುವುದು ಹೇಗೆ

ಮಾಲ್ಡೀವ್ಸ್‌ನಲ್ಲಿ ನಾನು ನೋಡಿಕೊಳ್ಳುವ ಹಾಯಿದೋಣಿಯ ವಾಟರ್‌ಮೇಕರ್ (ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಯಂತ್ರ) ಗಂಟೆಗೆ 60 ಲೀಟರ್ ಸಿಹಿನೀರು ಕೊಡುತ್ತದೆ. ಮೊದಲು ನೀರಿನ ರುಚಿ ನೋಡಿ, ಅದನ್ನು ಟ್ಯಾಂಕ್‌ಗೋ ಸಮುದ್ರಕ್ಕೋ ಕಳಿಸುವ ತ್ರೀ-ವೇ ವಾಲ್ವ್ ನಾನೇ ತಿರುಗಿಸಬೇಕಿತ್ತು. ಒಂದು ರಾತ್ರಿ ಮರೆತೆ, ಟ್ಯಾಂಕ್‌ನ 300 ಲೀಟರೂ ಉಪ್ಪಾಯಿತು.

ಮೊದಲು ಆ ತ್ರೀ-ವೇ ವಾಲ್ವ್ ತೆಗೆದು ಅದೇ ಥರದ ಸೊಲೆನಾಯ್ಡ್ ವಾಲ್ವ್ (ಕರೆಂಟ್‌ನಿಂದ ತಾನೇ ತಿರುಗುವಂಥದ್ದು) ಹಾಕಿ. ಉಪ್ಪು ಅಳೆಯುವ ಸೆನ್ಸರ್, ಉಪ್ಪು ಸೋಸುವ ಪೊರೆಯಾದ ಮೆಂಬ್ರೇನ್‌ಗೂ ಈ ವಾಲ್ವ್‌ಗೂ ನಡುವೆ ಇರಲಿ. ಉಪ್ಪು 500 ಪಿಪಿಎಂಗಿಂತ (ಲೀಟರಿಗೆ ಸುಮಾರು 500 ಮಿಲಿಗ್ರಾಂ) ಕಡಿಮೆ ಇದ್ದರೆ ಮಾತ್ರ ನೀರು ಟ್ಯಾಂಕ್‌ಗೆ ಹೋಗಬೇಕು. ಕರೆಂಟ್ ಇಲ್ಲದಾಗ ನೀರು ಸಮುದ್ರಕ್ಕೇ ಹೋಗುವ ಹಾಗೆ ಪೈಪ್ ಜೋಡಿಸಿ. ಇದನ್ನು ದಯವಿಟ್ಟು ಬಿಡಬೇಡಿ. ವೈರ್ ಕಿತ್ತುಹೋದರೂ ಟ್ಯಾಂಕ್ ಉಳಿಯುತ್ತದೆ, ಅಲ್ವಾ?

ಪ್ರೆಶರ್ ಸ್ವಿಚ್ ಎರಡು ಬೇಕು. ಫಿಲ್ಟರ್ ದಾಟಿದ ಮೇಲೆ ಒಂದು: ಫಿಲ್ಟರ್ ಕಟ್ಟಿಕೊಂಡರೆ ಪಂಪ್ ನಿಲ್ಲಿಸುತ್ತದೆ. ಪಂಪ್ ಆಚೆ ಇನ್ನೊಂದು: ಒತ್ತಡ ಮಿತಿ ಮೀರಿದರೆ ಪಂಪ್ ನಿಲ್ಲಿಸುತ್ತದೆ. ನಮ್ಮದು 55 ಬಾರ್‌ನಲ್ಲಿ ಓಡುತ್ತದೆ, ಸ್ವಿಚ್ 65ಕ್ಕೆ ಇಟ್ಟಿದ್ದೇನೆ.

ಒತ್ತಡ ಹೆಚ್ಚು-ಕಡಿಮೆ ಮಾಡುವ ಪ್ರೆಶರ್ ವಾಲ್ವ್ ಮಾತ್ರ ಕೈಯಲ್ಲೇ ತಿರುಗಿಸುವ ಹಾಗಿರಲಿ. ಸಣ್ಣ ದೋಣಿಗೆ ಮೋಟಾರ್ ವಾಲ್ವ್ ಸುಮ್ನೆ ಖರ್ಚು. ನಿಲ್ಲಿಸುವಾಗ ಅದನ್ನು ಪೂರ್ತಿ ತೆರೆದಿಡಿ, ಇಲ್ಲದಿದ್ದರೆ ಮೆಂಬ್ರೇನ್ ತೊಳೆಯುವ ಫ್ಲಶ್ ನೀರು ಸರಿಯಾಗಿ ಹರಿಯುವುದಿಲ್ಲ.

ಕೊನೆಗೆ ಟೈಮರ್. ವಾರಕ್ಕೊಮ್ಮೆ 5 ನಿಮಿಷ ಸಿಹಿನೀರಿನ ಫ್ಲಶ್. ಆ ನೀರು ಕಾರ್ಬನ್ ಫಿಲ್ಟರ್ ಮೂಲಕವೇ ಬರಬೇಕು. ಕ್ಲೋರಿನ್ ತಾಗಿದರೆ ಮೆಂಬ್ರೇನ್ ಹಾಳು.