ಜಪಾನ್ ವೀಸಾಗೆ ಜಾಮೀನುದಾರರನ್ನು ಹುಡುಕಿದ್ದು

ನನ್ನ ಗಂಡ ಹುಟ್ಟಿದ್ದು ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ. ಅವರ ಅಜ್ಜ ಕಾಫಿ ತೋಟದ ಕೆಲಸಕ್ಕೆಂದು ಜಪಾನಿನ ಕುಮಾಮೊತೊದಿಂದ ಹಡಗು ಹತ್ತಿದವರು. ಹಾಗಾಗಿ ಇವರು 'ಸನ್ಸೇ', ಮೂರನೇ ತಲೆಮಾರು. 1990ರಲ್ಲಿ ಕಾನೂನು ಬದಲಾದ ಮೇಲೆ ಇಂಥವರಿಗೆ 'ತೇಜೂಶಾ' ಅನ್ನುವ ವಾಸದ ವೀಸಾ ಸಿಗುತ್ತದೆ. ಯಾವ ಕೆಲಸ ಬೇಕಾದರೂ ಮಾಡಬಹುದು. ಹೆಂಡತಿಗೂ ಅದೇ ವೀಸಾ, ಅವಳು ಶಿವಮೊಗ್ಗದವಳಾದರೂ ಸರಿ.

ಬೆಂಗಳೂರಿನಲ್ಲೇ ಕೂತು ಕಾಗದ ಜೋಡಿಸಿದೆವು. ಅಜ್ಜನ 'ಕೊಸೆಕಿ' ಬೇಕು, ಅಂದರೆ ಮನೆತನದ ಸರ್ಕಾರಿ ದಾಖಲೆ. ಹಳೆಯದರ ಪ್ರತಿಗೆ 750 ಯೆನ್. ಜಪಾನಿನ ಹಮಾಮತ್ಸುವಿನಲ್ಲಿರುವ ಗಂಡನ ದೊಡ್ಡಪ್ಪನ ಮಗಳು, ನಾವು ಅಕ್ಕ ಅನ್ನುವವರು, ಅಂಚೆಯಲ್ಲೇ ತರಿಸಿಕೊಟ್ಟರು. ಇಬ್ಬರದೂ ಪೊಲೀಸ್ ಪ್ರಮಾಣಪತ್ರ ಆಯಿತು. ಉಳಿದದ್ದು ಒಂದೇ, 'ಮಿಮೊತೊ ಹೊಶೋನಿನ್'. ಜಪಾನಿನಲ್ಲೇ ಇರುವ ಜಾಮೀನುದಾರರು.

ಅಕ್ಕನೇ ಇದ್ದಾರಲ್ಲ ಅಂದುಕೊಂಡಿದ್ದೆವು. ಅವರಿಗೆ ಕಾಯಂ ವಾಸದ ಹಕ್ಕೂ ಇದೆ. ಆದರೆ ಅವರದು ಏಜೆನ್ಸಿ ಮೂಲಕ ಸಿಗುವ ಫ್ಯಾಕ್ಟರಿ ಕೆಲಸ. ಹಿಂದಿನ ವರ್ಷ ನಾಲ್ಕು ತಿಂಗಳು ಕೆಲಸವೇ ಇರಲಿಲ್ಲ, ತೆರಿಗೆ ಪತ್ರದಲ್ಲಿ ಆದಾಯ ತೀರಾ ಕಡಿಮೆ. ನಮಗೆ ಧೈರ್ಯ ಬರಲಿಲ್ಲ.

ಆಮೇಲೆ ಕುಮಾಮೊತೊದ ನೆಂಟರಿಗೆ ಫೋನ್ ಮಾಡಿದೆವು. ಅಜ್ಜನ ತಮ್ಮನ ಮಗ, ಎಪ್ಪತ್ತು ದಾಟಿದವರು. ಹತ್ತು ನಿಮಿಷ ಚೆನ್ನಾಗಿಯೇ ಮಾತಾಡಿದರು, ಮಳೆ, ಗದ್ದೆ ಅಂತ. 'ಹೊಶೋನಿನ್' ಅನ್ನುವ ಪದ ಬಿದ್ದ ತಕ್ಷಣ ಆ ಕಡೆ ಮೌನ. ಉಸಿರು ಒಳಗೆಳೆದುಕೊಂಡ ಸದ್ದು. "ಅದು... ಚೊತ್ತೊ..." ಅಂದರು. 'ಚೊತ್ತೊ' ಅಂದರೆ 'ಸ್ವಲ್ಪ'. ಹೀಗೆ ಎಳೆದು ಹೇಳಿದರೆ ಆಗಲ್ಲ ಅಂತ ಅರ್ಥ.

ಗಂಡನಿಗೆ ಬೇಜಾರಾಯಿತು. ನನಗೆ ಆಶ್ಚರ್ಯ ಆಗಲಿಲ್ಲ. ನಮ್ಮಪ್ಪ ಷಡ್ಡಕನ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿ ಎರಡು ವರ್ಷ ಕಂತು ಕಟ್ಟಿದವರು. ಜಾಮೀನು ಅಂದರೆ ನಮ್ಮ ಮನೆಯಲ್ಲೂ ಎದ್ದು ಹೋಗುತ್ತಾರೆ. ಜಪಾನಿನಲ್ಲೂ ಅದೇ ಕತೆ. ಸಾಲಕ್ಕೆ ನಿಲ್ಲುವವರು 'ರೆಂತಾಯ್ ಹೊಶೋನಿನ್', ಅವರು ಪೂರ್ತಿ ದುಡ್ಡಿಗೇ ಹೊಣೆ. ಎರಡೂ ಹೆಸರಿನ ಕೊನೆಗೆ ಅದೇ 'ಹೊಶೋನಿನ್' ಇರುವುದರಿಂದ ಜನ ಹೆದರುತ್ತಾರೆ.

ವೀಸಾ ಜಾಮೀನು ಬೇರೆಯೇ. ಇರುವ ಖರ್ಚು, ವಾಪಸ್ ಟಿಕೆಟ್, ಕಾನೂನು ಪಾಲನೆ, ಈ ಮೂರಕ್ಕೆ ಮಾತು ಕೊಡಬೇಕು ಅಷ್ಟೆ. ಇದಕ್ಕೆ ಕಾನೂನಿನ ಬಲವಂತ ಇಲ್ಲ, ನೈತಿಕ ಹೊಣೆ ಮಾತ್ರ ಅಂತ ಇಮಿಗ್ರೇಷನ್ ಇಲಾಖೆಯೇ ಹೇಳುತ್ತದೆ. ಮಾತು ತಪ್ಪಿದರೆ ಮುಂದೆ ಬೇರೆಯವರಿಗೆ ಜಾಮೀನು ನಿಲ್ಲುವಾಗ ಅವರನ್ನು ಒಪ್ಪದೇ ಇರಬಹುದು. ಆ ಪ್ಯಾರಾವನ್ನು ಜಪಾನಿಯಲ್ಲೇ ಪ್ರಿಂಟ್ ತೆಗೆದಿಟ್ಟೆ. ಇದನ್ನು ಮೊದಲೇ ಮಾಡಬೇಕಿತ್ತು.

ನಡುವೆ ಒಬ್ಬ ಏಜೆಂಟ್, ದುಡ್ಡು ಕೊಟ್ಟರೆ ಜಾಮೀನುದಾರರನ್ನು ನಾವೇ ಕೊಡ್ತೀವಿ ಅಂದ. ಮುಖ ನೋಡದವರ ಸಹಿ ತಗೊಂಡು ನಾಳೆ ಆಫೀಸಿನವರು ಕೇಳಿದರೆ ಏನು ಹೇಳೋದು? ಬೇಡ ಅಂದೆವು.

ಜಾಮೀನುದಾರರು ನೆಂಟರೇ ಆಗಿರಬೇಕಿಲ್ಲ ಅಂತ ಗೊತ್ತಾದಾಗ ಬುಚೋ ಸಾನ್ ನೆನಪಾದರು. 'ಬುಚೋ' ಅಂದರೆ ವಿಭಾಗದ ಮುಖ್ಯಸ್ಥರು. ಬಿಡದಿಯ ಕಾರ್ಖಾನೆಯೊಂದರಲ್ಲಿ ಗಂಡನಿಗೆ ಬಾಸ್ ಆಗಿದ್ದವರು, ಈಗ ಜಪಾನಿನ ಐಚಿಯಲ್ಲಿದ್ದಾರೆ. ಈ ಸಲ ಫೋನಿನಲ್ಲಿ ಕೇಳಲಿಲ್ಲ. ಮೊದಲು ಪತ್ರ, ಜೊತೆಗೆ ಆ ಪ್ರಿಂಟ್, ಖಾಲಿ ಫಾರ್ಮ್, ನಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿದೆವು. ವಾರ ಬಿಟ್ಟು ವಿಡಿಯೋ ಕಾಲ್. ಅವರು ಕನ್ನಡಕ ಹಾಕಿಕೊಂಡು ಫಾರ್ಮನ್ನು ಒಂದೊಂದೇ ಸಾಲಿಗೆ ಬೆರಳಿಟ್ಟು ಜೋರಾಗಿ ಓದಿದರು. ಕೊನೆಗೆ ಒಂದೇ ಪ್ರಶ್ನೆ: "ನೀವು ಫೋನ್ ಎತ್ತದಿದ್ದರೆ ನಾನು ಯಾರಿಗೆ ಮಾಡಲಿ?" ಶಿವಮೊಗ್ಗದ ಅಪ್ಪನ ನಂಬರ್ ಕೊಟ್ಟೆ. ಯಾವ ಭಾಷೆಯಲ್ಲಿ ಮಾತಾಡ್ತಾರೋ ದೇವರಿಗೇ ಗೊತ್ತು.

ಅವರ ಸಹಿ, ತೆರಿಗೆ ಪತ್ರ, ಉದ್ಯೋಗ ಪತ್ರ, ವಾಸದ ದೃಢೀಕರಣ ಎಲ್ಲ ಹಮಾಮತ್ಸುವಿಗೆ ಹೋಯಿತು. ಅರ್ಜಿ ಹಾಕಿದ್ದು ಅಕ್ಕನೇ. ಅರ್ಜಿ ಕೊಡುವ ನೆಂಟರೂ ಜಾಮೀನುದಾರರೂ ಒಬ್ಬರೇ ಆಗಿರಬೇಕು ಅಂತ ನಾವು ಸುಮ್ನೆ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೆವು. ಕೊನೆಗೆ ಇಮಿಗ್ರೇಷನ್‌ನಿಂದ ಅರ್ಹತಾ ಪತ್ರ ಬಂತು, ವೀಸಾ ಪಡೆಯಲು ತೋರಿಸುವ ಕಾಗದ ಅದು. ಅದು ಮೂರು ತಿಂಗಳಷ್ಟೇ ಚಾಲ್ತಿಯಲ್ಲಿರುತ್ತದೆ, ಅಷ್ಟರೊಳಗೆ ಜಪಾನ್ ಸೇರಬೇಕು.

ವೀಸಾ ನವೀಕರಣಕ್ಕೂ ಇದೇ ಜಾಮೀನು ಪತ್ರ ಬೇಕು. ಅದನ್ನು ಬುಚೋ ಸಾನ್‌ಗೆ ಮೊದಲ ಕಾಲ್‌ನಲ್ಲೇ ಹೇಳಿದ್ದೆವು. ಹಾಗಾಗಿ ಮೊನ್ನೆ ಕೇಳಿದಾಗ ಅವರು ಕನ್ನಡಕ ಹುಡುಕಲಿಲ್ಲ.