ಗೇಟಿನ ಮಾತು ಗೇಟಿಗೇ: ಏಡ್ ಜೊತೆ ಒಪ್ಪಿದ್ದನ್ನು ಐಇಪಿಯಲ್ಲಿ ಬರೆಸಿ

‘ದಯವಿಟ್ಟು’ ಅನ್ನೋದು ನಮ್ಮಲ್ಲಿ ಬೋರ್ಡಿನ ಮೇಲೆ ಮಾತ್ರ. ಮಾತಿನಲ್ಲಿ ಮರ್ಯಾದೆಯೆಲ್ಲ ಕ್ರಿಯಾಪದದ ಬಾಲದಲ್ಲಿರುತ್ತದೆ. ‘ನೀರು ಕೊಡು’ ಬೇರೆ, ‘ನೀರು ಕೊಡಿ’ ಬೇರೆ. ನನ್ನ ಮಗ ಅಜ್ಜಿಗೆ ‘ಕೊಡಿ’ ಅಂತಲೇ ಕೇಳುತ್ತಿದ್ದ. ಅಮೆರಿಕದ ಶಾಲೆಗೆ ಸೇರಿದ ಮೇಲೆ ಅದು ‘ಗಿವ್ ವಾಟರ್’ ಆಯಿತು. ಬಾಲ ಉದುರಿತು. ಆಟಿಸಂ ಇರುವುದರಿಂದ ಅವನ ದನಿಯಲ್ಲಿ ಏರಿಳಿತವೂ ಕಡಿಮೆ. ಕೇಳಿದವರಿಗೆ ಅಪ್ಪಣೆ ಕೊಟ್ಟ ಹಾಗೆ.

ತರಗತಿಯಲ್ಲಿ ಅವನ ಪಕ್ಕ ಕೂತು ನೆರವಾಗುತ್ತಿದ್ದ ಏಡ್, ಅಂದರೆ ಶಾಲೆಯ ಸಹಾಯಕರು, ಒಳ್ಳೆಯವರು. ಸಂಜೆ ಗೇಟಿನ ಹತ್ತಿರ ನಾವಿಬ್ಬರೂ ಮಾತಾಡಿಕೊಂಡು ಡೆಸ್ಕಿನ ಮೂಲೆಗೆ ಮೂರು ಕಾರ್ಡು ಅಂಟಿಸಿದೆವು. ‘ಹೆಲ್ಪ್, ಪ್ಲೀಸ್’, ‘ಬ್ರೇಕ್, ಪ್ಲೀಸ್’, ‘ನೋ, ಥ್ಯಾಂಕ್ಯೂ’. ಬೆರಳಿಟ್ಟರೂ ಹೇಳಿದ ಲೆಕ್ಕವೇ. ಎರಡು ತಿಂಗಳಲ್ಲಿ ಬಾಯಿಬಿಟ್ಟು ಹೇಳೋಕೂ ಶುರುಮಾಡಿದ.

ಜನವರಿಯಲ್ಲಿ ಆ ಏಡ್ ಕೆಲಸ ಬಿಟ್ಟರು. ಹೊಸಬರು ಡೆಸ್ಕ್ ಒರೆಸುವಾಗ ಕಾರ್ಡು ಕಿತ್ತು ಹಾಕಿದರು. ವಾರದೊಳಗೆ ಮನೆಗೆ ಚೀಟಿ: ಸಿಬ್ಬಂದಿ ಜೊತೆ ಒರಟಾಗಿ ಮಾತಾಡುತ್ತಾನೆ. ಓಡಿಹೋಗಿ ಕೇಳಿದರೆ, ಐಇಪಿಯಲ್ಲಿ (ಇಂಥ ಮಗುವಿಗೆ ಏನೇನು ನೆರವು ಅಂತ ಶಾಲೆ ಬರೆದಿಡುವ ಕಲಿಕೆಯ ಯೋಜನೆ) ಕಾರ್ಡಿನ ಮಾತೇ ಇಲ್ಲವಲ್ಲ ಅಂದರು. ಹೌದು, ಇರಲಿಲ್ಲ. ಪೆದ್ದನ ಹಾಗೆ ಐಇಪಿಯ ವಾರ್ಷಿಕ ಮೀಟಿಂಗಿನವರೆಗೂ ಕಾದೆ. ನಾಲ್ಕು ತಿಂಗಳು ನೀರಲ್ಲಿ ಹೋಮ.

ಕಾಯಬೇಕಿರಲಿಲ್ಲ. ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣಕ್ಕಾಗಿ ಅಮೆರಿಕದಲ್ಲಿರುವ ಐಡಿಇಎ ಕಾನೂನಿನ ಪ್ರಕಾರ ಮೀಟಿಂಗ್ ಯಾವಾಗ ಬೇಕಾದರೂ ಕೇಳಬಹುದು. 2004ರ ತಿದ್ದುಪಡಿ ಆದಮೇಲೆ ಎರಡೂ ಕಡೆ ಒಪ್ಪಿದರೆ ಮೀಟಿಂಗೇ ಇಲ್ಲದೆ ಬರಹದಲ್ಲಿ ಐಇಪಿ ತಿದ್ದಬಹುದು. ಆಗಲ್ಲ ಅಂದರೆ ಯಾಕೆ ಅಂತ ಶಾಲೆ ಬರೆದು ಕೊಡಬೇಕು. ಏಡ್‌ಗೆ ಇದನ್ನೆಲ್ಲ ನಿರ್ಧರಿಸುವ ಅಧಿಕಾರ ಇಲ್ಲ. ಗೇಟಿನಲ್ಲಿ ಮಾತಾಡಿ, ಬೇಡ ಅನ್ನಲ್ಲ. ಆದರೆ ಅವತ್ತು ರಾತ್ರಿಯೇ ಕೇಸ್ ಮ್ಯಾನೇಜರ್‌ಗೆ (ಶಾಲೆಯಲ್ಲಿ ಮಗುವಿನ ಐಇಪಿ ನೋಡಿಕೊಳ್ಳುವವರು) ಇಮೇಲ್ ಹಾಕಿ. ‘ಸುಮ್ನೆ ಯಾಕೆ ಅವರಿಗೆ ತೊಂದರೆ’ ಅನ್ನೋ ಸಂಕೋಚವನ್ನು ಊರಲ್ಲೇ ಬಿಟ್ಟು ಬನ್ನಿ.

ಬೆಂಗಳೂರಲ್ಲಿ ನನ್ನ ತಂಗಿ ಮಗಳ ಪಕ್ಕ ಏಡ್ ಹಾಗೆಯೇ ಕೂರುವ ಶ್ಯಾಡೋ ಟೀಚರ್‌ಗೆ ಸಂಬಳ ಮನೆಯವರೇ ಕೊಡುತ್ತಾರೆ. ಇಲ್ಲಿ ಐಇಪಿಯಲ್ಲಿ ಬರೆದಿದ್ದರೆ ಸರ್ಕಾರಿ ಶಾಲೆಯಲ್ಲಿ ಒಂದು ಡಾಲರ್ ಖರ್ಚಿಲ್ಲ. ಅದಕ್ಕೇ ನನ್ನ ವೋಟು ಇಲ್ಲಿಯ ವ್ಯವಸ್ಥೆಗೆ. ಆದರೆ ಇದಕ್ಕೆ ಕಾಗದದ ಭಾಷೆ ಬಿಟ್ಟು ಬೇರೆ ಬರಲ್ಲ.

ಐಇಪಿಗೆ ಸಹಿ ಹಾಕುವ ಮುಂಚೆ ಅದರಲ್ಲಿ ಮಗುವಿಗೆ ಇಟ್ಟಿರುವ ಗುರಿಗಳನ್ನು ಓದಿ. ನಮ್ಮ ಕರಡಿನಲ್ಲಿ ‘ಕಣ್ಣಲ್ಲಿ ಕಣ್ಣಿಟ್ಟು ಥ್ಯಾಂಕ್ಯೂ ಹೇಳುತ್ತಾನೆ’ ಅಂತಿತ್ತು. ತೆಗೆಸಿದೆ. ಕಣ್ಣು ನೋಡುವುದರಲ್ಲೇ ಅವನ ಶಕ್ತಿಯೆಲ್ಲ ಹೋದರೆ ಮಾತು ಎಲ್ಲಿಂದ ಬರಬೇಕು? ನಮ್ಮ ಕಡೆ ದೊಡ್ಡವರನ್ನು ದುರುಗುಟ್ಟಿ ನೋಡಿದರೇ ಬೈತಾರೆ, ಅಲ್ವಾ. ಬೇರೆ ಏನು ಬಿಟ್ಟರೂ ‘ನೋ’ ಕಾರ್ಡು ಬಿಡಬೇಡಿ. ಕೈ ಹಿಡಿದು ಎಳೆದವರಿಗೂ ಥ್ಯಾಂಕ್ಯೂ ಅನ್ನೋದನ್ನು ಕಲಿಸಿದರೆ ಅದು ಮರ್ಯಾದೆ ಅಲ್ಲ, ಅಪಾಯ.

ಏಡ್‌ಗಳು ಬದಲಾಗುತ್ತಲೇ ಇರುತ್ತಾರೆ. ಹೊಸಬರು ಬಂದ ದಿನವೇ ಐಇಪಿಯ ಆ ಪುಟ ಅವರ ಕೈಸೇರಿದೆಯಾ ಅಂತ ಕೇಳಿ. ಕಾರ್ಡು ಲ್ಯಾಮಿನೇಟ್ ಮಾಡಿಸಿ, ಇನ್ನೊಂದು ಸೆಟ್ಟು ಬ್ಯಾಗಿನಲ್ಲಿರಲಿ.