ಓಣಿಯವರೇ ಮಾತಾಡಿದ ಮೇಲೆ ನಮ್ಮ ಗದಗಿನ ನಡಿಗೆ ಕುದುರಿತು

ಗದಗ-ಬೆಟಗೇರಿ ಅವಳಿ ಊರಿನಲ್ಲಿ ಊರ ನಡಿಗೆ, ಅಂದರೆ ಗುಂಪಾಗಿ ನಡೆದು ಊರನ್ನು ನೋಡಿ ತಿಳಿಯುವುದು, ನಡೆಯುವುದಿಲ್ಲ ಎಂದು ನನಗೆ ಹೇಳದವರು ಕಡಿಮೆ. ‘ಹುಟ್ಟಿದಾಗಿಂದ ಇಲ್ಲೇ ಅಡ್ಡಾಡೀವಿ, ಮತ್ತ ರೊಕ್ಕಾ ಕೊಟ್ಟು ಏನ್ ನೋಡೂದೈತ್ರೀ’ ಅನ್ನುವುದೇ ಎಲ್ಲರ ಮಾತು. ಈಗ ಎರಡು ವರ್ಷವಾಗುತ್ತ ಬಂತು. ತಿಂಗಳಿಗೆ ಎರಡು ನಡಿಗೆ, ಪ್ರತಿ ಸಲ ಇಪ್ಪತ್ತು-ಇಪ್ಪತ್ತೈದು ಜನ, ತಲೆಗೆ ನೂರು ರೂಪಾಯಿ ಮುಂಗಡ. ಹೆಸರು ಕೊಟ್ಟವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬರುತ್ತಾರೆ. ಹುಬ್ಬಳ್ಳಿ, ಹಾವೇರಿ ಕಡೆ ನಡಿಗೆ ನಡೆಸುವ ಗೆಳೆಯರು ‘ಹೆಂಗ್ ಮಾಡಿದ್ರಿ’ ಎಂದು ಕೇಳುತ್ತಲೇ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುಂಪು ಕಟ್ಟುವುದು, ವಾಟ್ಸಾಪ್, ದಾರಿಯನ್ನು ಮೊದಲೇ ನಡೆದು ನೋಡುವುದು ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಮೊದಲು ಎಲ್ಲರ ಹಾಗೆ ನಾವೂ ಗುಡಿಗಳಿಂದ ಶುರು ಮಾಡಿದೆವು. ವೀರನಾರಾಯಣ ಗುಡಿ, ತ್ರಿಕೂಟೇಶ್ವರ, ಅದರ ಆವರಣದಲ್ಲೇ ಇರುವ ಸರಸ್ವತಿ ಗುಡಿಯ ಕಂಬಗಳು. ಪ್ರವೇಶ ಪುಕ್ಕಟೆ, ಮಾತಾಡಲು ಪ್ರಾಧ್ಯಾಪಕರು. ಕುಮಾರವ್ಯಾಸ ಒರಗಿ ಕೂತು ಭಾರತ ಬರೆದ ಎನ್ನುವ ಕಂಬದ ಮುಂದೆ ಜನ ಮನಸ್ಸಿಟ್ಟೇ ಕೇಳುತ್ತಿದ್ದರು. ಶಾಸನದ ಸಾಲುಗಳು ಶುರುವಾದವೆಂದರೆ ಅರ್ಧ ಜನ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಆ ಗುಡಿಗಳ ಬಗ್ಗೆ ನನಗೆ ಅಪಾರ ಅಭಿಮಾನವಿದೆ. ಆದರೆ ಊರಿನವರಿಗೆ ಅದು ಕೈಮುಗಿಯುವ ಜಾಗ, ಪಾಠ ಕೇಳುವ ಜಾಗವಲ್ಲ. ಗುಂಪಿನಲ್ಲಿ ಎಪ್ಪತ್ತು ಜನ ‘ಬರ್ತೀವಿ’ ಎಂದು ಹಾಕುತ್ತಿದ್ದರು, ಬೆಳಿಗ್ಗೆ ನಿಂತವರು ಹನ್ನೆರಡು-ಹದಿಮೂರು. ಟೀ-ಶರ್ಟ್ ಐವತ್ತು ಹೊಲಿಸಿದ್ದಕ್ಕೆ ಒಂಬತ್ತು ಸಾವಿರದ ಹತ್ತಿರ ಹೋಯಿತು. ಹೆಗಲಿಗೆ ಹಾಕುವ ಸ್ಪೀಕರಿಗೆ ಮೂರು ಸಾವಿರ. ಪ್ರಾಯೋಜಕರೆಂದು ಬಂದ ಒಬ್ಬ ದೊಡ್ಡ ವ್ಯಾಪಾರಸ್ಥರು ಬ್ಯಾನರ್ ಕಟ್ಟಿಸಿಕೊಂಡರು, ಫೋಟೊಕ್ಕೆ ನಿಂತರು, ದುಡ್ಡು ಮಾತ್ರ ಇವತ್ತಿಗೂ ಬಂದಿಲ್ಲ. ಪ್ರಾಯೋಜಕರನ್ನು ನಂಬಿ ನಡಿಗೆ ಗೊತ್ತು ಮಾಡಬೇಡಿ.

ಆಮೇಲೆ ನಾನು ಹಟ ಹಿಡಿದು ಮಾಡಿದ್ದು ಒಂದೇ ಕೆಲಸ. ಭಾಷಣಕಾರರಿಗೆ ಹೋಗುತ್ತಿದ್ದ ದುಡ್ಡನ್ನು ಆಯಾ ಓಣಿಯಲ್ಲಿ ದುಡಿಯುವವರ ಕೈಗೆ ಕೊಟ್ಟು, ಅವರು ಕೆಲಸ ಮಾಡುತ್ತಿರುವ ಹೊತ್ತಿಗೇ ಜನರನ್ನು ಕರೆದೊಯ್ದೆ. ಹಮಾಲರು, ನೇಕಾರರು, ಪ್ರೆಸ್ಸಿನವರು, ಅಡತಿ (ದಲಾಲಿ) ಅಂಗಡಿಯ ಹಳೇ ಗುಮಾಸ್ತರು. ನಮ್ಮ ಗುಂಪಿನೊಳಗೇ ವಿರೋಧ ಬಂತು. ‘ಅವ್ರು ಏನ್ ಮಾತಾಡ್ತಾರ, ಮಂದಿ ಏನ್ ಕೇಳ್ತಾರ’ ಎಂದು ಹಿರಿಯರೊಬ್ಬರು ಗುಂಪನ್ನೇ ಬಿಟ್ಟರು. ಈಗ ಅವರು ಮೊಮ್ಮಗಳನ್ನು ಕರೆದುಕೊಂಡು ಬರುತ್ತಾರೆ.

ಮೊದಲ ಬಾರಿ ಹೀಗೆ ಹೋಗಿದ್ದು ಎಪಿಎಂಸಿಗೆ, ಹೆಸರುಕಾಳಿನ ಆವಕ ಜೋರಿರುವ ಶ್ರಾವಣದ ಕೊನೆಗೆ. ಹಮಾಲ ಅಣ್ಣಾರು ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡು, ಹೆಬ್ಬೆರಳಿನಿಂದ ಹರಡಿದರು. ಎರಡು ಕಾಳು ಬಾಯಿಗೆ ಹಾಕಿ ಕಡಿದರು. ‘ಕಟ್ ಅಂತಂದ್ರ ಒಣಗೇತಿ. ಹಲ್ಲಿಗೆ ಮೆತ್ತಗ ಹತ್ತಿದ್ರ ಹಸಿ ಐತಿ, ರೇಟು ಬೀಳತೈತಿ.’ ಅಷ್ಟೇ ಮಾತು. ಇಪ್ಪತ್ತೂ ಜನ ಸಾಲು ನಿಂತು ಕಾಳು ಕಡಿದು ನೋಡಿದರು. ರೈತ ಮನೆತನದ ಒಬ್ಬ ಎಂಜಿನಿಯರ್ ಹುಡುಗ, ‘ನಮ್ಮಪ್ಪ ತಂದ ಮಾಲಿಗೆ ರೇಟು ಯಾಕ ಕಡಿಮಿ ಹಚ್ತಿದ್ರು ಅಂತ ಇವತ್ತ ಗೊತ್ತಾತು’ ಅಂದ. ಆ ಹೆಸರು ಸುಗ್ಗಿಯಲ್ಲೇ ಅದೇ ದಾರಿಯನ್ನು ಮೂರ್ನಾಲ್ಕು ಸಲ ಮಾಡಬೇಕಾಯಿತು.

ದುಡಿಯುವವರಿಂದ ಮಾತಾಡಿಸುವುದಕ್ಕೆ ಒಂದು ರೀತಿ ಇದೆ. ಮೈಕ್ ಕೊಡಬಾರದು, ಕೊಟ್ಟರೆ ಸಭೆಯ ಭಾಷೆ ಬರುತ್ತದೆ. ಕೆಲಸ ನಿಲ್ಲಿಸಲು ಹೇಳಬಾರದು. ‘ನಿಮ್ಮ ಕಷ್ಟ ಹೇಳ್ರಿ’ ಎಂದು ಕೇಳಲೇಬಾರದು. ಮಾಲು ಬಂದಾಗ ಮೊದಲು ಏನು ನೋಡುತ್ತೀರಿ, ಎಲ್ಲಿ ಕೆಡುತ್ತದೆ, ಯಾರ ಕೈಕೆಳಗೆ ಕಲಿತಿರಿ, ಇಷ್ಟು ಕೇಳಿದರೆ ಉಳಿದದ್ದು ತಾನೇ ಬರುತ್ತದೆ. ದುಡ್ಡನ್ನು ಹಿಂದಿನ ಸಂಜೆಯೇ ಕೊಡುತ್ತೇನೆ, ನಡಿಗೆಯವರ ಎದುರು ಎಂದೂ ಕೊಡುವುದಿಲ್ಲ. ಮೊದಲು ಐದು ನೂರಿತ್ತು, ಈಗ ಆರು ನೂರು. ಚೀಲದ ಲೆಕ್ಕದಲ್ಲಿ ಕೂಲಿ ಸಿಗುವವರಿಗೆ ಸುಗ್ಗಿಯಲ್ಲಿ ಒಂದು ತಾಸು ಹೋದರೆ ಏನು ಹೋಯಿತೆಂದು ಅವರ ಪಕ್ಕ ನಿಂತರೆ ತಿಳಿಯುತ್ತದೆ.

ದಾರಿ ಎರಡು ಕಿಲೋಮೀಟರ್ ಮೀರಬಾರದು. ಗದಗಿನ ಟಾಂಗಾಕೂಟದಿಂದ ಬೆಟಗೇರಿಯವರೆಗೆ ಒಂದೇ ಬೆಳಿಗ್ಗೆ ಮುಗಿಸಲು ಹೋದಾಗ ಅರ್ಧದಲ್ಲೇ ಆಟೋ ಹತ್ತಿದವರಿದ್ದರು. ಈಗ ಗದಗ ಬೇರೆ, ಬೆಟಗೇರಿ ಬೇರೆ.

ಬೆಟಗೇರಿಯಲ್ಲಿ ತಲೆನೋವು ದಾರಿಯದಲ್ಲ, ನೀರಿನದು. ಭಾನುವಾರ ಎಂದು ಗೊತ್ತು ಮಾಡಿರುತ್ತೀರಿ, ಅಂದೇ ನಳ ಬರುತ್ತದೆ. ಎಷ್ಟೋ ದಿನಕ್ಕೊಮ್ಮೆ ಬರುವ ನೀರು ಬಿಟ್ಟು ಯಾವ ಹೆಣ್ಣುಮಗಳು ನಡಿಗೆಗೆ ಬಂದಾಳು? ಮಗ್ಗದ ಮನೆಯವರೂ ಕೊಡದ ಹಿಂದೆಯೇ ಇರುತ್ತಾರೆ. ಒಂದು ಸಲ ಬಂದ ಎಂಟು ಜನರೂ ಗಂಡಸರೇ. ಅಂದಿನಿಂದ ಆ ಓಣಿಯ ನಳದ ಸರದಿ ನೋಡಿ, ನೀರು ಬಂದ ಮರುದಿನಕ್ಕೆ ನಡಿಗೆ ಇಡುತ್ತೇನೆ, ವಾರ ಯಾವುದಾದರೂ ಆಗಲಿ. ಹೆಂಗಸರ ಸಂಖ್ಯೆ ಅರ್ಧಕ್ಕಿಂತ ಮೇಲೇರಿದ್ದು ಆಮೇಲೆಯೇ. ಅಲ್ಲಿ ಜನ ಹೆಚ್ಚು ಹೊತ್ತು ನಿಲ್ಲುವುದು ಕುಣಿಯಲ್ಲಿ ಕಾಲಿಟ್ಟು ನೇಯುವ ಕುಣಿಮಗ್ಗದ ಮುಂದಲ್ಲ, ಮಗ್ಗದ ಹಳೇ ಹಾಸಿನ (ಉದ್ದ ನೂಲಿನ) ಎಳೆಗೆ ಹೊಸ ಹಾಸಿನ ಎಳೆ ಕೂಡಿಸುವ ಅಜ್ಜಿಯ ಮುಂದೆ. ಬೆರಳಿಗೆ ಬೂದಿ ಹಚ್ಚಿಕೊಂಡು ಎಳೆ ಎಳೆಯಾಗಿ ಹೊಸೆಯುತ್ತಾರೆ, ಗಂಟಿಲ್ಲ. ಪಕ್ಕದ ಮನೆಯವರ ಕೂಡ ಮಾತಾಡುತ್ತಲೇ ಇರುತ್ತಾರೆ, ಒಂದು ಎಳೆಯೂ ತಪ್ಪುವುದಿಲ್ಲ. ಆ ಮನೆಯ ಬಾಗಿಲನ್ನು ಬೆಳಿಗ್ಗೆ ಏಳಕ್ಕೇ ಹೇಗೆ ತೆರೆಸುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ನನಗೆ ಆರು ತಿಂಗಳು ಹಿಡಿದಿದೆ.

ಪ್ರೆಸ್ಸಿನ ಓಣಿಯಲ್ಲಿ ಒಂದು ಪ್ರಯೋಗ ಮಾಡಿದೆ. ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ, ಆದರೆ ಎಲ್ಲ ಆಫ್‌ಸೆಟ್ ಆದಮೇಲೆ ಕಣ್ಣಿಗೆ ಕಾಣುವುದು ಕಡಿಮೆ. ಕಣ್ಣು ಕಾಣದವರಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ, ಕಣ್ಣು ಕಾಣದ ತಬಲಾ ಮಾಸ್ತರರೊಬ್ಬರನ್ನು ಮುಂದೆ ಮಾಡಿಕೊಂಡು ಓಣಿಯನ್ನು ಕೇಳುತ್ತ ನಡೆದೆವು. ಬಾಗಿಲ ಹೊರಗೇ ನಿಂತು ‘ಇದು ಟ್ರೆಡಲ್, ಕಾಲಿಂದ ತುಳ್ಯಾಕ ಹತ್ತ್ಯಾರ, ಆಚೀ ಮನಿಯಾಗ ಕಟಿಂಗ್’ ಎಂದರು. ಒಳಗೆ ಹೋದರೆ ನಿಜ, ಬಿಲ್ ಪುಸ್ತಕಗಳಿಗೆ ಅಂಕಿ ಹೊಡೆಯುತ್ತಿದ್ದ ಹಳೇ ಟ್ರೆಡಲ್ ಅಚ್ಚಿನ ಯಂತ್ರ. ಮಕ್ಕಳು ಸೀಸದ ಅಚ್ಚುಮೊಳೆಯಲ್ಲಿ ತಮ್ಮ ಹೆಸರನ್ನು ತಿರುವುಮುರುವಾಗಿ ಓದಲು ಗುದ್ದಾಡಿದರು. ಇಂಥ ನಡಿಗೆಗೆ ಹನ್ನೆರಡಕ್ಕಿಂತ ಹೆಚ್ಚು ಜನ ಬೇಡ, ಸದ್ದಿನಲ್ಲಿ ಸದ್ದು ಮುಳುಗುತ್ತದೆ.

ಊರ ಹೊರಗೂ ಹೋಗಿ ನೋಡಿದ್ದೇವೆ. ಕಣಗಿನಹಾಳಕ್ಕೆ ಬಸ್ಸಿನಲ್ಲಿ ಹೋದ ನಡಿಗೆ ಚೆನ್ನಾಗಿ ಕೂಡಿತು. 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರಿ ಸಂಘ ಕಟ್ಟಿದ ಊರದು. ಸೊಸೈಟಿ ಕಾರ್ಯದರ್ಶಿಗಳು, ಬ್ಯಾಂಕಿನವರು ತಾವಾಗಿ ಬಂದರು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯ ಬಸದಿಯಿಂದ ಮುಸುಕಿನ ಬಾವಿಯವರೆಗೆ ಅಲ್ಲಿನವರೇ ಮಾತಾಡಿದರೂ ಬಿಸಿಲಿಗೆ ಜನ ಸೋತರು, ಚಳಿಗಾಲ ಬಿಟ್ಟು ಬೇರೆ ಹೊತ್ತಿಗೆ ಬೇಡ. ನಮ್ಮ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ನೋಡಲು ಇಪ್ಪತ್ತು ಜನರನ್ನು ಒಯ್ಯುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಐದಾರು ಜನ ಸಾಕು, ಏರಿಯ ಮೇಲೆ ಸದ್ದಾದರೆ ಹಿಂಡೇ ಎದ್ದುಬಿಡುತ್ತದೆ. ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ನಡಿಗೆಗೆ ಉಬ್ಬಸ ಇದ್ದವರನ್ನು ಸೇರಿಸಿಕೊಳ್ಳಬೇಡಿ, ಕರ್ಚೀಫಿನಿಂದ ಆ ಘಾಟು ತಡೆಯುವುದಿಲ್ಲ.

ಕೊನೆಗೆ ಲೆಕ್ಕ. ಇಪ್ಪತ್ತೆರಡು ಜನ ಬಂದರೆ ಎರಡು ಸಾವಿರದ ಇನ್ನೂರು. ಇಬ್ಬರು ಮಾತಾಡುವವರಿಗೆ ಹನ್ನೆರಡು ನೂರು, ಗಿರ್ಮಿಟ್, ಮಿರ್ಚಿ, ಚಹಾ ಸೇರಿ ತಲೆಗೆ ಮೂವತ್ತರಂತೆ ಆರು ನೂರರವತ್ತು, ನೀರಿಗೆ, ಚೀಟಿಗೆ ನೂರು. ಇನ್ನೂರರ ಮೇಲೆ ಉಳಿಯುತ್ತದೆ, ಅದು ಸಾಲಿನ ಕೊನೆಗೆ ನಡೆದು ಹಿಂದುಳಿದವರನ್ನು ಕರೆತರುವ ಹುಡುಗನಿಗೆ. ಆ ಹುಡುಗನಿಲ್ಲದೆ ನಾನು ಹೊರಡುವುದೇ ಇಲ್ಲ. ಬಾರದವರಿಗೆ ಮುಂಗಡ ಮರಳಿ ಕೊಡುವುದಿಲ್ಲ, ಮುಂದಿನ ನಡಿಗೆಗೂ ಜಮಾ ಮಾಡುವುದಿಲ್ಲ. ಇದಕ್ಕೆ ಇಬ್ಬರು ಸಿಟ್ಟಾಗಿ ಹೋದರು. ಉಳಿದವರು ಈಗ ಆರೂಮುಕ್ಕಾಲು ಅಂದರೆ ಆರೂವರೆಗೇ ಬಂದು ನಿಂತಿರುತ್ತಾರೆ.